ಅದಕ್ಕೆ ಎಂತ ಬೇಕಂತೆ? – ದಾಳದ ಕೋಷ್ಟಕಗಳನ್ನು ನಾನು ಬರೆದ ಬಗೆ

ಪಾತ್ರ ವಹಿಸಿ ಆಡುವ ಮೇಜಿನಾಟವನ್ನು ನಮ್ಮ ಮನೆಯಲ್ಲಿ ಆಡತೊಡಗಿ ಐದು ಮಳೆಗಾಲಗಳು ಕಳೆದಿವೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಅಡಕೆ ತೋಟದ ನಡುವಿನ ಮನೆ ನಮ್ಮದು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ತೋಟಕ್ಕೆ ಇಳಿಯುವಂತಿಲ್ಲ, ಕರೆಂಟು ಯಾವಾಗ ಹೋಗುತ್ತದೆಂದು ಹೇಳುವಂತಿಲ್ಲ. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ಮಳೆ ರಜೆ ಸಾರಿದ ದಿನ ಅಕ್ಕನ ಮಗ, ಮಗಳು ಮತ್ತು ನೆರೆಮನೆಯ ಇಬ್ಬರು ಮಕ್ಕಳು ಚಾವಡಿಯಲ್ಲಿ ಸೇರುತ್ತಾರೆ. ಆಟ ನಡೆಸುವ ಕೆಲಸ ನನ್ನದು.

ಈ ಆಟವನ್ನು ಕಾಣದವರಿಗೆ ತಾಳಮದ್ದಳೆಯ ಮೂಲಕ ಹೇಳುವುದು ಸುಲಭ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲಿಯೇ ಒಬ್ಬರು ಕೃಷ್ಣನಾಗಿ ಇನ್ನೊಬ್ಬರು ಕೌರವನಾಗಿ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಅರ್ಥ ಹೇಳುತ್ತಾರೆ, ಭಾಗವತರು ಪ್ರಸಂಗವನ್ನು ಮುಂದಕ್ಕೆ ಒಯ್ಯುತ್ತಾರೆ. ನಮ್ಮ ಆಟದಲ್ಲಿಯೂ ಮಕ್ಕಳು ಒಬ್ಬೊಬ್ಬ ವೀರನಾಗಿಯೋ ಮಾಟಗಾತಿಯಾಗಿಯೋ ಕುಳಿತು ಮಾತಾಡುತ್ತಾರೆ, ಆಟ ನಡೆಸುವವನನ್ನು ಅವರು ಭಾಗವತ ಎಂದೇ ಕರೆಯುತ್ತಾರೆ. ವ್ಯತ್ಯಾಸ ಇಷ್ಟೇ: ತಾಳಮದ್ದಳೆಯಲ್ಲಿ ಕಥೆ ಎಲ್ಲರಿಗೂ ಗೊತ್ತಿದೆ, ಮಾತು ಗೊತ್ತಿಲ್ಲ, ಇಲ್ಲಿ ಕಥೆಯೂ ಗೊತ್ತಿಲ್ಲ. ಮುಂದೇನಾಗುವುದು ಎಂಬುದನ್ನು ಅನೇಕ ಸಲ ದಾಳವೇ ಹೇಳಬೇಕು. ಅದಕ್ಕಾಗಿ ಮೊದಲೇ ಬರೆದಿಟ್ಟುಕೊಳ್ಳುವ ಸಂಖ್ಯೆ ಹಾಕಿದ ಸಾಲುಗಳೇ ದಾಳದ ಕೋಷ್ಟಕ. ದಾಳ ಉರುಳಿಸಬೇಕು, ಬಿದ್ದ ಸಂಖ್ಯೆಯ ಎದುರಿಗಿರುವ ಸಾಲನ್ನು ಓದಬೇಕು, ಓದಿದ್ದು ಕಥೆಯಲ್ಲಿ ನಡೆದಂತೆಯೇ.

ಈ ಪದ್ಧತಿ ಆಟದಷ್ಟೇ ಹಳೆಯದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ 1974ರಲ್ಲಿ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟದಲ್ಲಿಯೇ ಅಲೆದಾಡುವ ಮೃಗಗಳಿಗೆ, ಸಿಗುವ ನಿಧಿಗೆ ಕೋಷ್ಟಕಗಳಿದ್ದವು. ನಾನು ಆರಂಭಿಸಿದ್ದು ಇಂಗ್ಲಿಷಿನ ಅಂಥ ಕೋಷ್ಟಕಗಳನ್ನು ಕನ್ನಡಕ್ಕೆ ತಂದುಕೊಂಡು. ಅದು ನಡೆಯಲಿಲ್ಲ. ಹಿಮ, ಓಕ್ ಮರ, ಹೆಂಡದ ಅಂಗಡಿಯ ಮಾಲೀಕ ಇವೆಲ್ಲ ನಮ್ಮ ಚಾವಡಿಯಲ್ಲಿ ಕುಳಿತ ಮಕ್ಕಳಿಗೆ ಬರಿಯ ಶಬ್ದಗಳಾಗಿದ್ದವು. ಆದ್ದರಿಂದ ನನ್ನದೇ ಕೋಷ್ಟಕವೊಂದನ್ನು ಬರೆಯಲು ಹೊರಟು, ನೂರು ಸಾಲುಗಳನ್ನು ಬರೆಯುವ ಸಂಕಲ್ಪ ಮಾಡಿದೆ. ಹತ್ತು ಮುಖದ ಎರಡು ದಾಳಗಳಲ್ಲಿ ಒಂದನ್ನು ಹತ್ತರ ಸ್ಥಾನಕ್ಕೂ ಇನ್ನೊಂದನ್ನು ಬಿಡಿ ಸ್ಥಾನಕ್ಕೂ ಇಟ್ಟುಕೊಂಡರೆ 1ರಿಂದ 100ರ ವರೆಗಿನ ಸಂಖ್ಯೆ ಸಿಗುತ್ತದೆ. ನೂರು ಎಂಬ ಸಂಖ್ಯೆಯ ಆಕರ್ಷಣೆ ದೊಡ್ಡದು. ಆಟಿ ತಿಂಗಳಿಡೀ ಬರೆದೆ. ಮೂವತ್ತನೆಯ ಸಾಲು ದಾಟಿದ ಮೇಲೆ ನಾನು ಬರೆಯುತ್ತಿದ್ದುದು ಬಣ್ಣ ಬದಲಾಯಿಸಿದ ಹಳೆಯ ಸಾಲುಗಳನ್ನೇ: ನೀಲಿ ಕಪ್ಪೆ, ಬಂಗಾರದ ಕಪ್ಪೆ, ಹಾಡುವ ಕಪ್ಪೆ.

ಆ ಕೋಷ್ಟಕದಿಂದ ಮೊದಲ ದಿನ ಬಿದ್ದ ಸಾಲು “ಬಾವಿಕಟ್ಟೆಯ ಮೇಲೆ ಬಂಗಾರದ ಬಣ್ಣದ ವಿಚಿತ್ರವಾದ ಕಪ್ಪೆಯೊಂದು ಕುಳಿತಿದೆ” ಎಂಬುದು. ನಾನು ಅದನ್ನು ಸ್ವರ ಏರಿಸಿ ಓದಿದೆ. ಮಕ್ಕಳು ಸುಮ್ಮನೆ ಕೇಳಿದರು. ಆಗ ಎಂಟು ವರ್ಷದ ಸೊಸೆ, “ಮಾವಾ, ಅದಕ್ಕೆ ಎಂತ ಬೇಕಂತೆ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಕಪ್ಪೆಗೆ ಏನೂ ಬೇಕಾಗಿರಲಿಲ್ಲ; ಅದು ಬಂಗಾರದ ಬಣ್ಣದ್ದಾಗಿತ್ತು, ಅಷ್ಟೆ. ಮಕ್ಕಳು ಅದನ್ನು ದಾಟಿ ಮುಂದೆ ಹೋದರು.

ಅಂದಿನಿಂದ ನಾನು ಬರೆಯುವ ಪ್ರತಿಯೊಂದು ಸಾಲನ್ನೂ ಆ ಪ್ರಶ್ನೆಗೆ ಒಡ್ಡುತ್ತೇನೆ. ಕಪ್ಪೆಯ ಸಾಲನ್ನು ಆ ರಾತ್ರಿ ಹೀಗೆ ತಿದ್ದಿದೆ: “ಬಾವಿಕಟ್ಟೆಯ ಮೇಲೆ ಕುಳಿತ ಕಪ್ಪೆ ಮಳೆಯ ಸುಂಕ ಕೇಳುತ್ತದೆ. ಈ ಮಳೆಗಾಲದಲ್ಲಿ ನಿಮ್ಮ ತಲೆಯ ಮೇಲೆ ಬಿದ್ದ ಹನಿಗಳ ಲೆಕ್ಕ ಅದರ ಬಳಿ ಇದೆ. ಕೊಡೆ ಹಿಡಿದ ದಿನಗಳನ್ನು ಕಳೆಯಲು ಸಾಕ್ಷಿ ಬೇಕು.” ಇದರಲ್ಲಿ ‘ವಿಚಿತ್ರ’ ಎಂಬ ಶಬ್ದವಿಲ್ಲ, ಬಣ್ಣವಿಲ್ಲ. ಕಪ್ಪೆ ಒಬ್ಬ ಗುಮಾಸ್ತನಷ್ಟು ಗಂಭೀರವಾಗಿದೆ. ಆದರೆ ಇದನ್ನು ಓದಿದ ದಿನ ಮಕ್ಕಳು ಮುಕ್ಕಾಲು ಗಂಟೆ ಕಪ್ಪೆಯೊಂದಿಗೆ ವಾದಿಸಿದರು. ಅಕ್ಕನ ಮಗ ಗೂಡಂಗಡಿಯ ಮಾಡಿನ ಕೆಳಗೆ ನಿಂತ ದಿನಗಳನ್ನು ಬೆರಳು ಮಡಚಿ ಎಣಿಸಿದ. ಕೌತುಕವೆಂಬುದು ವಿಶೇಷಣಗಳಿಂದ ಹುಟ್ಟುವುದಿಲ್ಲ, ಎದುರಿಗೆ ಬಂದದ್ದು ತನ್ನ ಚಿಕ್ಕ ಅಗತ್ಯವನ್ನು ಪೂರ್ಣ ಶ್ರದ್ಧೆಯಿಂದ ಕೇಳಿದಾಗ ಹುಟ್ಟುತ್ತದೆ ಎಂಬುದನ್ನು ನಾನು ತಿಳಿದುಕೊಂಡದ್ದು ಅಲ್ಲಿ. ನೂರು ಸಾಲುಗಳಲ್ಲಿ ಆ ಪ್ರಶ್ನೆಗೆ ಉತ್ತರ ಕೊಡಬಲ್ಲವು ಹದಿನೇಳು ಮಾತ್ರ. ಉಳಿದವನ್ನು ಹೊಡೆದುಹಾಕಿ, ಮೂರನ್ನು ಹೊಸತಾಗಿ ಬರೆದು, ಇಪ್ಪತ್ತು ಮುಖದ ಒಂದೇ ದಾಳಕ್ಕೆ ಕೋಷ್ಟಕವನ್ನು ಇಳಿಸಿದೆ.

ಇಪ್ಪತ್ತು ಸಾಲುಗಳು ಬೇಗನೆ ಮುಗಿಯುತ್ತವೆ. ಸಾಲನ್ನು ತುಂಡು ಮಾಡಿ ಮೂರು ಅಂಕಣಗಳಲ್ಲಿ ಬರೆದು, ಆರು ಮುಖದ ದಾಳವನ್ನು ಮೂರು ಸಲ ಉರುಳಿಸಿದರೆ, ಹದಿನೆಂಟು ತುಂಡುಗಳಿಂದಲೇ 216 ಸಾಲುಗಳು ಹುಟ್ಟುತ್ತವೆ. ಇಂಗ್ಲಿಷಿನಲ್ಲಿ ಇದು ಸರಾಗ. ಕನ್ನಡದಲ್ಲಿ ಮಾಡಹೊರಟಾಗ ವ್ಯಾಕರಣ ಅಡ್ಡ ನಿಂತಿತು. ಮೊದಲ ಅಂಕಣದಲ್ಲಿ ‘ಅಜ್ಜಿ’, ‘ರಾಕ್ಷಸ’, ‘ದೋಣಿ’ ಎಂದು ಬರೆದು ಕೊನೆಯ ಅಂಕಣದಲ್ಲಿ ‘ಅಳುತ್ತಿದ್ದಾನೆ’ ಎಂದು ಬರೆದರೆ, ಅಜ್ಜಿ ಬಿದ್ದಾಗ ‘ಅಳುತ್ತಿದ್ದಾಳೆ’ ಎಂದೂ ದೋಣಿ ಬಿದ್ದಾಗ ‘ಅಳುತ್ತಿದೆ’ ಎಂದೂ ಬಾಯಲ್ಲೇ ತಿದ್ದಿಕೊಳ್ಳಬೇಕು. ವಿಭಕ್ತಿಯದು ಇನ್ನೊಂದು ತೊಡಕು: ಅಜ್ಜಿಗೆ, ಮರಕ್ಕೆ, ರಾಕ್ಷಸನಿಗೆ. ಮಂದ ಬೆಳಕಿನಲ್ಲಿ ಮಕ್ಕಳು ಕಾದು ಕುಳಿತಿರುವಾಗ ಒಂದು ಕ್ಷಣ ತಡವರಿಸಿದರೂ ಆ ಸಾಲಿನ ಮಾಯೆ ಹರಿದುಹೋಗುತ್ತದೆ.

ಇದಕ್ಕೆ ದಾರಿ ತೋರಿಸಿದ್ದು ಸೊಸೆಯ ಪ್ರಶ್ನೆಯೇ. ‘ಬೇಕು’ ಎಂಬ ಶಬ್ದಕ್ಕೆ ಲಿಂಗದ ಹಂಗಿಲ್ಲ, ವಚನದ ಹಂಗಿಲ್ಲ. ಯಾರಿಗೆ ಬೇಕಾದರೂ ಅದು ‘ಬೇಕು’ ಎಂದೇ ಇರುತ್ತದೆ. ಹಾಗಾಗಿ ನಡುವಿನ ಅಂಕಣದ ಹೆಸರುಗಳನ್ನು ಚತುರ್ಥಿಯಲ್ಲಿಯೇ ಬರೆದೆ: ಹುಲಿಗೆ, ಅಜ್ಜಿಗೆ, ತೆಂಗಿನಮರಕ್ಕೆ, ರಾಕ್ಷಸನಿಗೆ, ದೋಣಿಗೆ, ಗಡಿಕಲ್ಲಿಗೆ. ಅದರ ಹಿಂದಿನ ಅಂಕಣಕ್ಕೆ ಕೃದಂತಗಳನ್ನು ಹಾಕಿದೆ: ನಿದ್ದೆ ಮರೆತ, ಹೆಸರು ಅಡವಿಟ್ಟ, ನಿನ್ನೆಯಷ್ಟೇ ಮಾತು ಕಲಿತ, ನೆರಳನ್ನು ಒಣಗಲು ಹಾಕಿದ, ಮಳೆಗೆ ಹೆದರುವ, ಹಳೆಯ ಸಾಲ ತೀರಿಸಲು ಹೊರಟ. ‘ನಿದ್ದೆ ಮರೆತ’ ಎಂಬುದು ಹುಲಿಗೂ ಅಜ್ಜಿಗೂ ದೋಣಿಗೂ ಒಂದೇ ರೂಪದಲ್ಲಿ ಹೊಂದುತ್ತದೆ. ಕೊನೆಯ ಅಂಕಣದಲ್ಲಿ ಬೇಕಾದ ವಸ್ತು: ಬಿಸಿ ಗಂಜಿ ಮತ್ತು ಮಾವಿನ ಮಿಡಿ ಉಪ್ಪಿನಕಾಯಿ, ಮದುವೆಗೆ ಹೋಗಲು ಒಂದು ಜೊತೆ ಚಪ್ಪಲಿ, ತನ್ನ ಕಥೆಯನ್ನು ನಡುವೆ ಬಾಯಿ ಹಾಕದೆ ಕೇಳುವ ಒಬ್ಬರು, ಇತ್ಯಾದಿ. ಇಲ್ಲಿ ‘ಅವನ’, ‘ಅವಳ’, ‘ಅದರ’ ಎಂದು ಬರೆಯದೆ ‘ತನ್ನ’ ಎಂದು ಬರೆದರೆ ಯಾರಿಗಾದರೂ ಸರಿಹೋಗುತ್ತದೆ. ಕನ್ನಡದಲ್ಲಿ ಇಂಥ ಕೋಷ್ಟಕ ಬರೆಯಲು ಹೊರಟವರಿಗೆ ನಾನು ಹೇಳಬಹುದಾದ ಅತ್ಯಂತ ಉಪಯುಕ್ತ ಮಾತು ಈ ಕೃದಂತ, ಚತುರ್ಥಿ, ‘ಬೇಕು’ ಎಂಬ ಮೂರರ ಜೋಡಣೆಯೇ.

ಕಳೆದ ವರ್ಷ ಒಂದು ಸಂಜೆ ಐದು, ಆರು, ಎರಡು ಬಿದ್ದವು. ನಾನು ಓದಿದೆ: “ಮಳೆಗೆ ಹೆದರುವ ಗಡಿಕಲ್ಲಿಗೆ, ಮದುವೆಗೆ ಹೋಗಲು ಒಂದು ಜೊತೆ ಚಪ್ಪಲಿ ಬೇಕಾಗಿದೆ.” ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಬಳಿಕ ನೆರೆಮನೆಯ ಹುಡುಗ ಯಾರ ಮದುವೆ ಎಂದು ವಿಚಾರಿಸಿದ. ಆಚೆ ಗುಡ್ಡದ ಗಡಿಕಲ್ಲಿನದ್ದು ಎಂದು ನಾನು ಹೇಳಬೇಕಾಯಿತು, ಬೇರೇನೂ ಹೊಳೆಯಲಿಲ್ಲ. ಮಕ್ಕಳು ಅಡಕೆ ಹಾಳೆಯನ್ನು ಕತ್ತರಿಸಿ ಚಪ್ಪಲಿ ಮಾಡಿದರು, ಮಳೆಗೆ ಹೆದರುವ ಕಲ್ಲೆಂದು ಅದರ ತಲೆಗೆ ಮುಟ್ಟಾಳೆ, ಅಂದರೆ ಹಾಳೆಯ ಟೊಪ್ಪಿ ಇಟ್ಟರು, ಎತ್ತಿಕೊಂಡು ನಡೆದರು. ಕಲ್ಲು ಹೋದಲ್ಲಿಗೆ ಗಡಿಯೂ ಹೋಗುತ್ತದೆ ಎಂಬುದು ಹೊಳೆ ದಾಟಿದ ಮೇಲಷ್ಟೇ ಅವರಿಗೆ ಹೊಳೆಯಿತು. ಬೆಳಗ್ಗೆ ಒಬ್ಬ ಅರಸನ ರಾಜ್ಯದಲ್ಲಿ ಎದ್ದ ಮೂರು ಊರುಗಳವರು ಸಂಜೆಗೆ ಇನ್ನೊಬ್ಬ ಅರಸನ ಪ್ರಜೆಗಳಾಗಿದ್ದರು. ಅದನ್ನು ಸರಿಪಡಿಸಲು ಮತ್ತೆ ಎರಡು ಸಂಜೆಗಳು ಬೇಕಾದವು. ಕಾಸರಗೋಡಿನವರಾದ ನಮಗೆ ಗಡಿ ಸರಿಯುವ ಕಥೆ ಹೊಸತಲ್ಲ. ನನ್ನ ಅಜ್ಜ ಮನೆ ಬದಲಿಸದೆಯೇ 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಸೇರಿದವರು. ಅಕ್ಕ ಒಳಗಿನಿಂದ ಕೇಳುತ್ತಿದ್ದವಳು ಆ ರಾತ್ರಿ ಮಕ್ಕಳಿಗೆ ಅದನ್ನು ವಿವರವಾಗಿ ಹೇಳಿದಳು.

ಯಾವ ದಾಳ ಎಂಬುದೂ ಬರವಣಿಗೆಯ ಭಾಗವೇ. ಒಂಟಿ ದಾಳ ಉರುಳಿಸಿದರೆ ಎಲ್ಲ ಸಾಲುಗಳಿಗೂ ಸಮಾನ ಅವಕಾಶ. ಆರು ಮುಖದ ಎರಡು ದಾಳಗಳನ್ನು ಕೂಡಿಸಿ ಓದಿದರೆ ಹಾಗಲ್ಲ. ಒಟ್ಟು 36 ಬಗೆಯ ಬೀಳುವಿಕೆಗಳಲ್ಲಿ 7 ಎಂಬ ಮೊತ್ತ ಆರು ಬಗೆಯಲ್ಲಿ ಬರುತ್ತದೆ, 2 ಮತ್ತು 12 ಒಂದೊಂದೇ ಬಗೆಯಲ್ಲಿ. ಜಾಗಕ್ಕೊಂದು ಸ್ವಭಾವ ಬರಬೇಕಾದರೆ, ಅಂದರೆ ಕೆಲವು ಸಂಗತಿಗಳು ಅಲ್ಲಿ ನಿತ್ಯದವು, ಕೆಲವು ಅಪೂರ್ವ ಎಂದಾಗಬೇಕಾದರೆ, ನಾನು ಎರಡು ದಾಳಗಳನ್ನೇ ಬಳಸುತ್ತೇನೆ. ನಮ್ಮ ಸುರಂಗದ ಕೋಷ್ಟಕ ಅಂಥದ್ದು. ಇಲ್ಲಿಯ ಗುಡ್ಡಗಳ ಮುರಕಲ್ಲನ್ನು (ಜಂಬಿಟ್ಟಿಗೆಯನ್ನು) ಅಡ್ಡಕ್ಕೆ ಕೊರೆದು, ಒಳಗೆ ಜಿನುಗುವ ನೀರನ್ನು ಹೊರಗಿನ ಕೆರೆಗೆ ಇಳಿಸುವ ಸುರಂಗಗಳನ್ನು ಮಕ್ಕಳು ಕಣ್ಣಾರೆ ಕಂಡಿದ್ದಾರೆ. ನಮ್ಮ ತೋಟದ ಮೇಲಿನದ್ದು ಒಬ್ಬ ಬಗ್ಗಿ ನಡೆಯುವಷ್ಟು ಅಗಲವಿದೆ. ಇಂಗ್ಲಿಷ್ ಆಟದ ನೆಲಮಾಳಿಗೆಗೆ ಬದಲಾಗಿ ನಾವು ಅದನ್ನೇ ಇಟ್ಟುಕೊಂಡೆವು. ಅಲ್ಲಿ ಏಳು ಬಿದ್ದರೆ ನೀರು ತೊಟ್ಟಿಕ್ಕುವ ಸದ್ದು, ಎಣಿಸಿದವರಿಗೆ ಪ್ರತಿ ಹತ್ತನೆಯ ಹನಿ ಮೇಲಕ್ಕೆ ಹೋಗುವುದು ತಿಳಿಯುತ್ತದೆ. ಆರಕ್ಕೆ ಬಾವಲಿಗಳು, ತಲೆಕೆಳಗಾಗಿ ಬರೆದ ಕಾಗದವನ್ನು ಓದಿ ಹೇಳಬೇಕೆನ್ನುತ್ತವೆ. ಎಂಟಕ್ಕೆ ಮುಳ್ಳುಹಂದಿ, ಉದುರಿದ ಮುಳ್ಳುಗಳನ್ನು ಯಾರಾದರೂ ಎಣಿಸಿ ಕೊಡಬೇಕು. ಎರಡು ಬಿದ್ದರೆ ಗುಡ್ಡವೇ ಆಕಳಿಸುತ್ತದೆ, ಅದಕ್ಕೊಂದು ಲಾಲಿ ಹಾಡು ಬೇಕು. ಹನ್ನೆರಡಕ್ಕೆ, ಸುರಂಗ ತೋಡಿದವನ ಪಿಕ್ಕಾಸು ಕತ್ತಲಲ್ಲಿ ತಾನಾಗಿಯೇ ಅಗೆಯುತ್ತಿದೆ, ನೂರು ವರ್ಷದ ಕೂಲಿ ಬಾಕಿ ಉಂಟೆನ್ನುತ್ತದೆ.

ನಾಲ್ಕು ಮುಖದ ದಾಳ ಕಳೆದುಹೋದಾಗ ಅಮ್ಮನ ಪೆಟ್ಟಿಗೆಯಿಂದ ನಾಲ್ಕು ಕವಡೆಗಳನ್ನು ತೆಗೆದುಕೊಂಡೆವು. ಚೌಕಾಬಾರದ ಲೆಕ್ಕದಂತೆ ಬಾಯಿ ಮೇಲಾಗಿ ಬಿದ್ದ ಕವಡೆಗಳನ್ನು ಎಣಿಸುವುದು, ನಾಲ್ಕೂ ಮಗುಚಿ ಬಿದ್ದರೆ ಎಂಟು. ಕವಡೆಯ ಎರಡು ಮಗ್ಗುಲುಗಳು ಸಮವಾಗಿ ಬೀಳುತ್ತವೆಂದು ಹಿಡಿದರೆ ಒಟ್ಟು ಹದಿನಾರು ಬಗೆಯ ಬೀಳುವಿಕೆಗಳಲ್ಲಿ 2 ಎಂಬುದು ಆರು ಸಲ, 1 ಮತ್ತು 3 ನಾಲ್ಕು ನಾಲ್ಕು ಸಲ, 4 ಮತ್ತು 8 ಒಂದೊಂದು ಸಲ. ವಾಸ್ತವದಲ್ಲಿ ಬೆನ್ನು ಉಬ್ಬಿ ಬಾಯಿ ಚಪ್ಪಟೆಯಾಗಿರುವ ಕವಡೆ ಸಮವಾಗಿ ಬೀಳುವುದಿಲ್ಲ, ಅಪೂರ್ವವಾದ ಸಾಲನ್ನು ಯಾವ ಸಂಖ್ಯೆಗೆ ಇಡಬೇಕೆಂಬುದನ್ನು ಎಸೆದು ನೋಡಿಯೇ ನಿಶ್ಚಯಿಸಬೇಕು. ಆ ದಿನದ ಹವೆಯನ್ನು ಹೇಳುವ ಕೋಷ್ಟಕ ಈಗಲೂ ಕವಡೆಯದ್ದೇ. ನಾಲ್ಕು ಬಿದ್ದರೆ ಹೋದ ವರ್ಷದ ಮಳೆ ತಾನು ಮರೆತು ಹೋದ ಕೊಡೆಯನ್ನು ಹುಡುಕಿಕೊಂಡು ಬಂದಿರುತ್ತದೆ. ಎಂಟಕ್ಕೆ, ಮಳೆ ಅಂಗಳದಲ್ಲಿ ನಿಂತು ಕುಂಬಳೆಗೆ ದಾರಿ ಕೇಳುತ್ತದೆ.

ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಆರಂಭದ ಕೋಷ್ಟಕದಲ್ಲಿ “ದಾಳ ಹಾಕಿದವರು ಬೆಳಗಾಗುವ ವರೆಗೆ ಕಲ್ಲಾಗುತ್ತಾರೆ” ಎಂಬ ಸಾಲಿತ್ತು. ಅದು ನೆರೆಮನೆಯ ಚಿಕ್ಕ ಹುಡುಗಿಗೆ ಬಿತ್ತು. ಉಳಿದವರು ನಕ್ಕರು, ಆಟ ಮುಂದುವರಿಯಿತು, ಅವಳು ಎರಡು ಗಂಟೆ ಹೊತ್ತು ಮಾತಾಡುವಂತಿಲ್ಲದೆ ಕುಳಿತಿದ್ದಳು. ಹೋಗುವಾಗ “ನಾಳೆ ನಾನು ಬರುವುದಿಲ್ಲ” ಎಂದಳು. ಮರುದಿನ ಅವರ ಮನೆಗೆ ಹೋಗಿ, ಅವಳೆದುರೇ ಆ ಸಾಲನ್ನು ಹೊಡೆದುಹಾಕಿ, ಬದಲಿಗೆ “ನಿಮ್ಮ ನೆರಳು ನಿಮಗಿಂತ ಒಂದು ಹೆಜ್ಜೆ ಮುಂದೆ ನಡೆಯತೊಡಗುತ್ತದೆ, ಅದಕ್ಕೆ ಎಲ್ಲಿಗೋ ತುರ್ತಾಗಿ ಹೋಗಬೇಕಾಗಿದೆ” ಎಂದು ಬರೆದೆ. ದಾಳದಿಂದ ಬರುವ ಯಾವ ಸಾಲೂ ಮಗುವಿನ ಬಾಯಿ ಕಟ್ಟಬಾರದು, ಅದಕ್ಕೆ ಮಾಡಲು ಏನನ್ನಾದರೂ ಕೊಡಬೇಕು.

ದೈವಗಳನ್ನು ನಾನು ಯಾವ ಕೋಷ್ಟಕಕ್ಕೂ ತಂದಿಲ್ಲ. ವರ್ಷಕ್ಕೊಮ್ಮೆ ಕೋಲ ಕೊಟ್ಟು ನಂಬಿ ಬಂದದ್ದನ್ನು ದಾಳದ ಆರನೆಯ ಮುಖಕ್ಕೆ ಇಡುವುದು ನನ್ನಿಂದಾಗದು. ಕಪ್ಪೆ, ಕಲ್ಲು, ಮಳೆ ಇವೇ ಸಾಕಷ್ಟಿವೆ.

ಒಮ್ಮೆ ಬಿದ್ದ ಸಾಲನ್ನು ಪೆನ್ಸಿಲಿನಿಂದ ಹೊಡೆದು ಆ ಜಾಗಕ್ಕೆ ಹೊಸತನ್ನು ಬರೆಯುವುದು ನಮ್ಮ ಕ್ರಮ. ಈ ವರ್ಷ ಅದನ್ನು ಮಕ್ಕಳಿಗೆ ಬಿಟ್ಟಿದ್ದೇನೆ, ಯಾರಿಗೆ ಬಿತ್ತೋ ಅವರೇ ಬರೆಯಬೇಕು. ಸೊಸೆ ಕಳೆದ ವಾರ ನಡುವಿನ ಅಂಕಣದ ಗಡಿಕಲ್ಲನ್ನು ಹೊಡೆದು ‘ಬಾವಿಗೆ’ ಎಂದು ಬರೆದಳು, ಚತುರ್ಥಿಯನ್ನು ನಾನು ಹೇಳಿಕೊಡಬೇಕಾಗಲಿಲ್ಲ. ಮೊದಲ ಅಂಕಣಕ್ಕೆ ‘ನೆಂಟರ ಮನೆಯಿಂದ ಈಗಷ್ಟೇ ಮರಳಿದ’ ಎಂದು ಸೇರಿಸಿದ್ದಾಳೆ. ಮೂರನೆಯದಕ್ಕೆ ಏನು ಬರೆಯಬೇಕೆಂದು ಇನ್ನೂ ಯೋಚಿಸುತ್ತಿದ್ದಾಳೆ. ಕೋಷ್ಟಕದ ಆ ಜಾಗ ಸದ್ಯ ಖಾಲಿಯಿದೆ, ಅಲ್ಲಿ ದಾಳ ಬಿದ್ದರೆ ಮತ್ತೊಮ್ಮೆ ಹಾಕುತ್ತೇವೆ.