ಟಾಹೋ ದಡದಲ್ಲಿ ತಂಗುವುದಾದರೆ: ಕ್ಯಾಬಿನ್ನೋ, ಆರ್‌ವಿಯೋ?

ಕ್ಯಾಲಿಫೋರ್ನಿಯಾದಲ್ಲಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಬಂದಿಳಿಯುವ ಅಪ್ಪ-ಅಮ್ಮಂದಿರಿಗೆ ಗೋಲ್ಡನ್ ಗೇಟ್ ಸೇತುವೆಯನ್ನೂ ಲಿವರ್ಮೋರ್ ದೇವಸ್ಥಾನವನ್ನೂ ತೋರಿಸಿದ ಮೇಲೆ ಮನೆಯಲ್ಲಿ ಏಳುವ ಮುಂದಿನ ಮಾತು ಟಾಹೋ ಸರೋವರದ್ದು. ಸ್ಯಾನ್ ಫ್ರಾನ್ಸಿಸ್ಕೋದಿಂದ ಸುಮಾರು 300 ಕಿ.ಮೀ. ದೂರದಲ್ಲಿ ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ರಾಜ್ಯಗಳು ಹಂಚಿಕೊಂಡಿರುವ ಈ ಸರೋವರದ ಆಳ 501 ಮೀಟರ್. ನೀರು ನಿಂತಿರುವುದೇ ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯ ಮಟ್ಟದಲ್ಲಿ. ಬೆಳಿಗ್ಗೆ ಹೊರಟು ರಾತ್ರಿ ಮರಳುವ ಪ್ರವಾಸ ಇಲ್ಲಿಗೆ ಹೊಂದುವುದಿಲ್ಲ. ಕನಿಷ್ಠ ಮೂರು ರಾತ್ರಿ ತಂಗಬೇಕು, ಹಾಗೆ ತಂಗಲು ತಯಾರಿ ಬೇಕು.

ಮೊದಲು ತಿಂಗಳು, ಆಮೇಲೆ ಜಾಗ

ಜೂನ್‌ನಲ್ಲಿ ಬೆಟ್ಟದ ತುದಿಗಳಲ್ಲಿ ಇನ್ನೂ ಹಿಮ ಇರುತ್ತದೆ, ನೀರಿಗೆ ಕಾಲಿಟ್ಟರೆ ಮೂಳೆಯವರೆಗೂ ಚಳಿ ಏರುತ್ತದೆ. ಜುಲೈ ಮತ್ತು ಆಗಸ್ಟ್ ಹಿತವಾದ ತಿಂಗಳುಗಳು, ಆದರೆ ಜನಜಾತ್ರೆ. ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕ ದಿನ ಕಳೆದ ಮೇಲಿನ ಎರಡು ವಾರಗಳೇ ಅತ್ಯುತ್ತಮ ಎಂಬುದು ನನ್ನ ಅಭಿಪ್ರಾಯ. ನೀರು ಬೇಸಿಗೆಯ ಬಿಸಿಯನ್ನು ಉಳಿಸಿಕೊಂಡಿರುತ್ತದೆ, ಗದ್ದಲ ತಗ್ಗಿರುತ್ತದೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಮಾತ್ರ ಇದು ಕಷ್ಟ.

ಕಾಳ್ಗಿಚ್ಚಿನ ಹೊಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2021ರ ಆಗಸ್ಟ್ ಕೊನೆಯಲ್ಲಿ ಕ್ಯಾಲ್ಡೋರ್ ಕಾಳ್ಗಿಚ್ಚು ಹತ್ತಿರ ಬಂದಾಗ ಸೌತ್ ಲೇಕ್ ಟಾಹೋ ಊರನ್ನೇ ತೆರವುಗೊಳಿಸಬೇಕಾಯಿತು. ಆದ್ದರಿಂದ ಬುಕಿಂಗ್ ಮಾಡುವಾಗ ಬಾಡಿಗೆ ಎಷ್ಟು ಎಂಬುದಕ್ಕಿಂತ ಮೊದಲು ರದ್ದು ಮಾಡಿದರೆ ಎಷ್ಟು ಹಣ ವಾಪಸ್ ಬರುತ್ತದೆ ಎಂದು ಓದಿ.

ರಾಜ್ಯ ಉದ್ಯಾನಗಳ ಕ್ಯಾಂಪ್ ತಾಣಗಳನ್ನು ರಿಸರ್ವ್ ಕ್ಯಾಲಿಫೋರ್ನಿಯಾ ಜಾಲತಾಣದಲ್ಲಿ ಕಾಯ್ದಿರಿಸಬೇಕು. ಆರು ತಿಂಗಳು ಮೊದಲೇ, ಬೆಳಿಗ್ಗೆ 8 ಗಂಟೆಗೆ ಅಲ್ಲಿ ಬುಕಿಂಗ್ ತೆರೆಯುತ್ತದೆ. ಫಾಲನ್ ಲೀಫ್‌ನಂತಹ ಅರಣ್ಯ ಇಲಾಖೆಯ ತಾಣಗಳಿಗೆ ಕೇಂದ್ರ ಸರ್ಕಾರದ ರಿಕ್ರಿಯೇಷನ್ ಡಾಟ್ ಗವ್ ಇದೆ. ನಮ್ಮ ತತ್ಕಾಲ್ ಟಿಕೆಟ್ ಅಭ್ಯಾಸ ಇಲ್ಲಿ ನೆರವಿಗೆ ಬರುತ್ತದೆ: ಮೊದಲೇ ಲಾಗಿನ್ ಆಗಿ, ಎರಡು ಮೂರು ತಾಣಗಳ ಸಂಖ್ಯೆ ಬರೆದಿಟ್ಟುಕೊಂಡು ಕುಳಿತಿರಿ. ಸಿಗದಿದ್ದರೆ ಕೈಚೆಲ್ಲಬೇಡಿ, ಪ್ರವಾಸಕ್ಕೆ ವಾರವಿರುವಾಗ ಸಾಕಷ್ಟು ಜನ ರದ್ದು ಮಾಡುತ್ತಾರೆ.

ಯಾರು ಬರುತ್ತಾರೆ ಎಂಬುದೇ ತೀರ್ಮಾನ

ಆರ್‌ವಿ ಎಂದರೆ ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವೂ ಇರುವ ವಾಹನ. ಚಿತ್ರದಲ್ಲಿ ಬಹಳ ಚೆಂದ. ಆದರೆ ಅದನ್ನು ಬಾಡಿಗೆಗೆ ಪಡೆದವರು ಅಷ್ಟೂ ದಿನ ಜಲಮಂಡಳಿ, ಬೆಸ್ಕಾಂ, ಒಳಚರಂಡಿ ಇಲಾಖೆ ಮೂರೂ ತಾವೇ ಆಗಿರಬೇಕು. ಮಂಡಿನೋವಿನ ಅಮ್ಮ, ರಾತ್ರಿ ಮೂರು ಸಲ ಏಳುವ ಅಪ್ಪ ಜೊತೆಗಿದ್ದರೆ ಎರಡನೆಯ ಮಾತಿಲ್ಲದೆ ಕ್ಯಾಬಿನ್ ಹಿಡಿಯಿರಿ. ಹೀಟರ್, ಅಡುಗೆಮನೆ, ಸ್ನಾನದ ಕೋಣೆಗಳು ಇರುವ ಕ್ಯಾಬಿನ್‌ಗಳು ಸರೋವರದ ಸುತ್ತ ಬೇಕಾದಷ್ಟಿವೆ. ಮನೆಮಂದಿಯಲ್ಲಿ ಅರ್ಧ ಜನಕ್ಕೆ ಆರ್‌ವಿ ಬೇಕು, ಇನ್ನರ್ಧಕ್ಕೆ ಬೇಡ ಎಂದಾದರೆ ನೆವಾಡಾ ಬದಿಯ ಝೆಫರ್ ಕೋವ್ ನೋಡಿ. ಅಲ್ಲಿ ಕ್ಯಾಬಿನ್‌ಗಳೂ ಇವೆ, ನೀರು, ವಿದ್ಯುತ್, ಚರಂಡಿ ಸಂಪರ್ಕವಿರುವ ಆರ್‌ವಿ ತಾಣಗಳೂ ಇವೆ.

ಹಿರಿಯರ ವಿಷಯದಲ್ಲಿ ಇನ್ನೊಂದು ಮಾತು. ಸಮುದ್ರಮಟ್ಟದಿಂದ ನಾಲ್ಕೈದು ಗಂಟೆಯಲ್ಲಿ ಇಷ್ಟು ಎತ್ತರಕ್ಕೆ ಏರಿದಾಗ ಕೆಲವರಿಗೆ ತಲೆನೋವು, ಏದುಸಿರು ಬರುತ್ತದೆ. ಮೊದಲ ದಿನ ನಡಿಗೆ, ಚಾರಣ ಇಟ್ಟುಕೊಳ್ಳಬೇಡಿ, ನೀರು ಹೆಚ್ಚು ಕುಡಿಸಿ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಲಿ.

ಆರ್‌ವಿಯೇ ಸೈ ಎಂದವರಿಗೆ

ಮೊದಲ ಸಲದವರಿಗೆ 25 ಅಡಿ ಉದ್ದದ ವಾಹನ ಸಾಕು. ಎಷ್ಟು ಜನ ಮಲಗಬಹುದು ಎಂದು ಕೇಳಿ ಸುಮ್ಮನಾಗಬೇಡಿ, ಸೀಟ್ ಬೆಲ್ಟ್ ಎಷ್ಟಿವೆ ಎಂದೂ ಕೇಳಿ. ದಿನದ ಬಾಡಿಗೆಯ ಮೇಲೆ ಮೈಲಿ ಲೆಕ್ಕ, ಜನರೇಟರ್ ಗಂಟೆಯ ಲೆಕ್ಕ, ಹಾಸಿಗೆ-ಪಾತ್ರೆಗಳ ಲೆಕ್ಕ ಬೇರೆ ಬೇರೆ ಸೇರಬಹುದು. ಪೆಟ್ರೋಲ್ ಲೀಟರಿಗೆ ಮೂರು ನಾಲ್ಕು ಕಿ.ಮೀ. ಬಂದರೆ ಅದೇ ಪುಣ್ಯ. ಕಾಯ್ದಿರಿಸುವ ತಾಣದಲ್ಲಿ ಎಷ್ಟು ಉದ್ದದ ವಾಹನಕ್ಕೆ ಅವಕಾಶವಿದೆ ಎಂಬುದನ್ನು ತಪ್ಪದೆ ನೋಡಿ. ಡಿ.ಎಲ್. ಬ್ಲಿಸ್ ಉದ್ಯಾನದಂತಹ ಕಡೆ 25 ಅಡಿಯ ವಾಹನಕ್ಕೆ ಪ್ರವೇಶವೇ ಇಲ್ಲ. ಎಮರಾಲ್ಡ್ ಬೇ ಪಕ್ಕದ 89ನೇ ಹೆದ್ದಾರಿಯ ತಿರುವುಗಳಲ್ಲಿ ಇಂಥ ವಾಹನ ಓಡಿಸುವ ಸಾಹಸ ಬೇಡ. ಆ ಕೊಲ್ಲಿಯನ್ನು ಬೇರೆ ಕಾರಿನಲ್ಲಿಯೋ ದೋಣಿಯಲ್ಲಿಯೋ ನೋಡಿ ಬನ್ನಿ. ವಾಹನದ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಬಳಿ ಅಂಟಿಸಿಕೊಳ್ಳಿ, ಪೆಟ್ರೋಲ್ ಬಂಕಿನ ಚಾವಣಿ ಎದುರಾದಾಗ ಉಪಯೋಗಕ್ಕೆ ಬರುತ್ತದೆ. ಪೆಟ್ರೋಲ್ ತುಂಬಿಸುವ ಮೊದಲು ಗ್ಯಾಸ್ ಮುಚ್ಚಿರಬೇಕು.

ವಿದ್ಯುತ್ತಿನ ಲೆಕ್ಕ ನಮ್ಮ ಅಡುಗೆಗೆ ಮುಖ್ಯ. 30 ಆಂಪಿಯರ್ ಸಂಪರ್ಕವೆಂದರೆ 120 ವೋಲ್ಟ್‌ನಲ್ಲಿ ಒಟ್ಟು 3,600 ವ್ಯಾಟ್. ಎ.ಸಿ. ಓಡುತ್ತಿರುವಾಗ ಮೈಕ್ರೊವೇವ್‌ನಲ್ಲಿ ಹಾಲು ಇಟ್ಟು, ಪಕ್ಕದಲ್ಲಿ ಅನ್ನಕ್ಕೆ ಇನ್‌ಸ್ಟಂಟ್ ಪಾಟ್ ಹಚ್ಚಿದರೆ ಕತ್ತಲಾಗುತ್ತದೆ. ಒಂದಾದ ಮೇಲೆ ಒಂದು ಹಚ್ಚಿ. ಸರೋವರದ ಸುತ್ತಲಿನ ರಾಜ್ಯ ಉದ್ಯಾನಗಳ ತಾಣಗಳಲ್ಲಿ ಈ ಸಂಪರ್ಕವೂ ಇಲ್ಲ. ಜನರೇಟರ್ ಓಡಿಸಲು ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ ಅನುಮತಿ. ಬೆಳಗಿನ ಕಾಫಿಗೆ ಗ್ಯಾಸ್ ಒಲೆಯೇ ಗತಿ. ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುತ್ತದೆಂದು ಕಾಯುತ್ತ ಕೂರಬೇಡಿ. ಮೂರು ಲೀಟರಿನ ಸಣ್ಣ ಕುಕ್ಕರ್ ಜೊತೆಗಿರಲಿ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ವಿಷಯ. ವಾಹನದ ಹೊಟ್ಟೆಯಲ್ಲಿ ಎರಡು ಕೊಳಚೆ ತೊಟ್ಟಿಗಳಿರುತ್ತವೆ: ಶೌಚದ್ದು ಬ್ಲ್ಯಾಕ್ ಟ್ಯಾಂಕ್, ಸ್ನಾನ ಮತ್ತು ಪಾತ್ರೆ ತೊಳೆದ ನೀರಿನದು ಗ್ರೇ ಟ್ಯಾಂಕ್. ಚರಂಡಿ ಸಂಪರ್ಕವಿದೆಯೆಂದು ಬ್ಲ್ಯಾಕ್ ಟ್ಯಾಂಕಿನ ಕವಾಟವನ್ನು ತೆರೆದೇ ಇಟ್ಟರೆ ನೀರು ಹರಿದುಹೋಗಿ ಗಟ್ಟಿ ಪದಾರ್ಥ ಒಳಗೆ ಕುಳಿತುಬಿಡುತ್ತದೆ. ಮುಚ್ಚಿಟ್ಟು, ಮುಕ್ಕಾಲು ತುಂಬಿದ ಮೇಲೆ ಒಮ್ಮೆಗೇ ಬಿಡಬೇಕು. ಮೊದಲು ಬ್ಲ್ಯಾಕ್, ಅದರ ಹಿಂದೆ ಗ್ರೇ. ಸೋಪಿನ ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಕೈಗವಸು ಹಾಕಿಕೊಳ್ಳಿ, ಕೊಳವೆಯ ಎರಡೂ ತುದಿ ಬಿಗಿಯಾಗಿದೆಯೇ ಎಂದು ಎಳೆದು ನೋಡಿ. ಚೊಂಬು ಬಳಸುವ ನಮ್ಮ ಪದ್ಧತಿಗೆ ತೊಟ್ಟಿ ಬೇಗ ತುಂಬುತ್ತದೆ, ಆದರೆ ಹೆಚ್ಚು ನೀರಿದ್ದಷ್ಟೂ ಖಾಲಿ ಮಾಡುವುದು ಸುಲಭ. ಸಾರು, ಎಣ್ಣೆ ಮೆತ್ತಿದ ತಟ್ಟೆಗಳನ್ನು ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯಿರಿ, ಇಲ್ಲವಾದರೆ ಮೂರನೆಯ ದಿನ ಸಿಂಕ್ ನಾರುತ್ತದೆ.

ಕರಡಿಯ ಮೂಗು

ಟಾಹೋದ ಕಪ್ಪು ಕರಡಿಗಳಿಗೆ ಕಾರಿನ ಬಾಗಿಲು ತೆರೆಯುವುದು ಗೊತ್ತು. ಕ್ಯಾಂಪ್ ತಾಣಗಳಲ್ಲಿ ಕೊಂಡಿ ಇರುವ ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ. ತಿನ್ನುವ ಪದಾರ್ಥ ಮಾತ್ರವಲ್ಲ, ಟೂತ್‌ಪೇಸ್ಟ್, ಸೋಪು, ಮಗುವಿನ ವೈಪ್ಸ್, ಕಸದ ಚೀಲ, ಅಮ್ಮನ ಕೈಚೀಲದಲ್ಲಿರುವ ಊದುಬತ್ತಿ, ಎಲ್ಲವೂ ಅದರೊಳಗೆ ಹೋಗಬೇಕು. ಹೊರಗೆ ಒಲೆ ಹೂಡಿ ಇಂಗು-ಕರಿಬೇವಿನ ಒಗ್ಗರಣೆ ಹಾಕುವ ಆಸೆ ಇದ್ದರೆ ಹಗಲಿನಲ್ಲಿ ಮುಗಿಸಿ, ಬಾಣಲೆ ತೊಳೆದು ಒಳಗಿಡಿ. ರಾತ್ರಿಗೆ ಪುಳಿಯೋಗರೆ, ಮೊಸರನ್ನದಂತಹ ಒಲೆ ಬೇಡದ ಊಟ ಲೇಸು. ಕ್ಯಾಬಿನ್‌ನಲ್ಲಿದ್ದರೂ ಕಿಟಕಿ ತೆರೆದಿಟ್ಟು ಅಡುಗೆಮನೆಯಿಂದ ಎದ್ದು ಹೋಗಬೇಡಿ.

ಸೌದೆಯನ್ನು ಮನೆಯಿಂದ ಒಯ್ಯಬೇಡಿ. ಅದರೊಳಗಿನ ಹುಳು ಅಲ್ಲಿನ ಕಾಡಿಗೆ ಹಬ್ಬುತ್ತದೆ, ಅಲ್ಲಿಯೇ ಕೊಳ್ಳಿ. ಬೆಂಕಿ ಹಾಕಲು ಆ ದಿನ ಅನುಮತಿ ಇದೆಯೇ ಎಂದು ಗೇಟಿನಲ್ಲಿ ಕೇಳಿ.

ನೀರಿಗಿಳಿಯುವುದು

ಆಗಸ್ಟ್ ಬಿಸಿಲಿನಲ್ಲಿ ದಡದ ನೀರು ಹಿತವೆನಿಸಿದರೂ ಸ್ವಲ್ಪ ಆಳಕ್ಕೆ ಹೋದರೆ ಥಟ್ಟನೆ ತಣ್ಣಗಾಗುತ್ತದೆ. ಆ ಆಘಾತಕ್ಕೆ ಉಸಿರು ಕಟ್ಟಿ ಒಳ್ಳೆಯ ಈಜುಗಾರರೂ ಮುಳುಗುತ್ತಾರೆ. ಕಯಾಕ್, ಪ್ಯಾಡಲ್ ಬೋರ್ಡ್ ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ. ಲೈಫ್ ಜಾಕೆಟ್ ತೊಟ್ಟಿರಲಿ, ಬೋರ್ಡಿನ ಮೇಲೆ ಕಟ್ಟಿಟ್ಟಿದ್ದರೆ ಪ್ರಯೋಜನವಿಲ್ಲ. ಸೂರ್ಯ ಇಳಿದೊಡನೆ ಚಳಿ ಶುರುವಾಗುತ್ತದೆ, ಜುಲೈನಲ್ಲಿಯೂ ರಾತ್ರಿ ಐದಾರು ಡಿಗ್ರಿಗೆ ಇಳಿಯುವುದುಂಟು. ಸ್ವೆಟರ್, ಕಿವಿಮುಚ್ಚುವ ಟೋಪಿ ಬೇಕೇ ಬೇಕು.

ಹೊರಡುವ ದಿನ ಬೆಳಿಗ್ಗೆಯೇ ತೊಟ್ಟಿಗಳನ್ನು ಖಾಲಿ ಮಾಡಿಕೊಳ್ಳಿ. ಭಾನುವಾರ ಮಧ್ಯಾಹ್ನ ತೊಟ್ಟಿ ಖಾಲಿ ಮಾಡುವ ಜಾಗದಲ್ಲಿ ಉದ್ದ ಸಾಲಿರುತ್ತದೆ, 50ನೇ ಹೆದ್ದಾರಿಯಲ್ಲಿ ಇನ್ನೂ ಉದ್ದ. ಎಕೋ ಸಮಿಟ್ ದಾಟಿದ ಮೇಲಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿಯೇ ಇರಬೇಡಿ, ಕೆಳ ಗೇರಿನಲ್ಲಿ ಇಳಿಯಿರಿ. ವಾಹನ ಒಪ್ಪಿಸುವ ಮೊದಲು ಒಳಗೂ ಹೊರಗೂ ಫೋಟೊ ತೆಗೆದುಕೊಂಡು, ಪೆಟ್ರೋಲ್ ಮೊದಲಿನ ಮಟ್ಟಕ್ಕೆ ತುಂಬಿಸಿ, ಜನರೇಟರ್ ಮೀಟರಿನ ಗಂಟೆಗಳನ್ನು ನೀವೇ ಬರೆದುಕೊಳ್ಳಿ. ಬಿಲ್ಲಿನ ಮೇಲೆ ತಕರಾರು ಬರುವುದು ಸಾಮಾನ್ಯವಾಗಿ ಈ ಮೂರರಲ್ಲೇ.