ಕೇಳಿದ್ದು ಎಡಪುಟಕ್ಕೆ, ಬಂದದ್ದು ಬಲಪುಟಕ್ಕೆ

ರಸೀದಿ ಪುಸ್ತಕ ಇಲ್ಲ, ಹೌಸಿ ಆಟ ಇಲ್ಲ, ಲಕ್ಕಿ ಡಿಪ್ ಇಲ್ಲ. ವಾಟ್ಸಾಪಿನಲ್ಲಿ ಯುಪಿಐ ನಂಬರು ಹಾಕುವುದೂ ಇಲ್ಲ. ಹೀಗೆ ಯಾರಲ್ಲೂ ಚಂದಾ ಕೇಳದೆ, ದೇವರಲ್ಲಿ ಮಾತ್ರ ಬೇಡಿ, ವಾರಕ್ಕೆ ಮೂರು ಸಂಜೆ, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಜೊತೆ ಇರುವವರಿಗೆ ಗಂಜಿ ಕೊಡುತ್ತೇನೆ ಅಂದಾಗ ನಮ್ಮ ಸಭೆಯ (ಅಂದರೆ ಚರ್ಚಿನ) ಹಿರಿಯರೊಬ್ಬರು ನಕ್ಕಿದ್ದರು. "ಮೂರು ತಿಂಗಳು ನೋಡುವ ಮಾರಾಯ್ರೆ" ಅಂದಿದ್ದರು. ಈಗ ಆರೋ ಏಳೋ ವರ್ಷ ಆಯಿತು. ಅಂಗಡಿಯಲ್ಲಿ ಒಂದು ರೂಪಾಯಿ ಸಾಲ ಇಲ್ಲ.

ದಾರಿ ಜಾರ್ಜ್ ಮುಲ್ಲರ್‌ನದು. ಪ್ರಾರ್ಥನಾ ಕೂಟ ನಡೆಸುವವರಿಗೆ ಅವನ ಕಥೆ ಗೊತ್ತೇ ಇದೆ. 1836ರಲ್ಲಿ ಬ್ರಿಸ್ಟಲ್‌ನಲ್ಲಿ ಅನಾಥಾಲಯ ತೆರೆದ, ಯಾರ ಹತ್ತಿರವೂ ದುಡ್ಡು ಕೇಳಲಿಲ್ಲ, 10,000ಕ್ಕೂ ಜಾಸ್ತಿ ಮಕ್ಕಳನ್ನು ಸಾಕಿದ. ನಮ್ಮವರು ಇದನ್ನು ಚರ್ಚಿನ ಪ್ರಸಂಗದಲ್ಲಿ ಹೇಳಿ ಅಲ್ಲಿಗೇ ಬಿಡುತ್ತಾರೆ. ನನಗೆ ಹಿಡಿಸಿದ್ದು ಅವನು ಬರೆದಿಟ್ಟ ಲೆಕ್ಕ. ಸಹಕಾರಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ಕೂದಲು ಬೆಳ್ಳಗಾದವ ನಾನು. ಕೇಳಿದ್ದು ಎಡಪುಟಕ್ಕೆ, ಬಂದದ್ದು ಬಲಪುಟಕ್ಕೆ. "ಕರ್ತನೇ, ನಮ್ಮ ಅಗತ್ಯ ಪೂರೈಸು" ಅಂತ ಬರೆದರೆ ಉತ್ತರ ಬಂತೋ ಇಲ್ಲವೋ ಗೊತ್ತಾಗುವುದು ಹೇಗೆ? "ಶುಕ್ರವಾರದೊಳಗೆ ಅಕ್ಕಿ 25 ಕಿಲೋ" ಅಂತ ಬರೆಯಬೇಕು. ಬರೆದ ಮೇಲೆ ಬಾಯಿ ಮುಚ್ಚಬೇಕು.

ಈ ಬಾಯಿ ಮುಚ್ಚುವುದೇ ಕಷ್ಟ. ಕೂಟದಲ್ಲಿ ಪ್ರಾರ್ಥನಾ ವಿಷಯ ಕೇಳಿದಾಗ "ಗ್ಯಾಸ್ ಮುಗಿಯುತ್ತಾ ಬಂತು, ಪ್ರಾರ್ಥಿಸಿ" ಅಂದರೆ ಅದು ಚಂದಾ ಎತ್ತಿದ ಹಾಗೆಯೇ. ಈ ಒಂದು ವಿಷಯದಲ್ಲಿ ಮುಲ್ಲರ್ ಮೇಲೂ ನನಗೆ ತಕರಾರಿದೆ. ಅವನು ಕೇಳಲಿಲ್ಲ, ಸರಿ. ಆದರೆ ವರದಿ ಅಚ್ಚು ಹಾಕಿಸಿ ಹಂಚುತ್ತಿದ್ದ. ಓದಿದವರು ಸುಮ್ನೆ ಕೂರುತ್ತಾರಾ? ನಾನು ವರದಿಯನ್ನೂ ಕೊಡುವುದಿಲ್ಲ. ಇಲ್ಲಿ ನನ್ನ ಹೆಸರು, ಆಸ್ಪತ್ರೆಯ ಹೆಸರು ಇಲ್ಲದಿರುವುದು ಅದಕ್ಕೇ.

ಒಂದು ಸಂಜೆಗೆ 60-70 ಜನ. ಕುಚ್ಚಲಕ್ಕಿ 7-8 ಕಿಲೋ, ಹೆಸರುಕಾಳಿನ ಪಲ್ಯ, ಚಟ್ನಿ, ಉಪ್ಪಿನಕಾಯಿ. ಗ್ಯಾಸು, ಆಟೋ ಸೇರಿ 1,200 ರೂಪಾಯಿ ಆಸುಪಾಸು. ತಿಂಗಳಿಗೆ 15,000 ಹಿಡಿಯಿರಿ.

ಮೊದಲ ಮಳೆಗಾಲ ಕೆಟ್ಟದಾಗಿ ಹೋಯಿತು. ಆಟಿ ತಿಂಗಳಿಡೀ ಬಲಪುಟ ಹೆಚ್ಚುಕಡಿಮೆ ಖಾಲಿ. ಪಲ್ಯ ನಿಂತಿತು, ಗಂಜಿ ತೆಳ್ಳಗಾಯಿತು. ಕೊನೆಗೆ ಒಂದು ಎಫ್‌ಡಿ ಮುರಿದೆ, 20,000 ಇರಬೇಕು. ಅದನ್ನು ಜಮೆ ಮಾಡುವುದು ಎಲ್ಲಿ? ದೇವರು ಕೊಟ್ಟದ್ದು ಅನ್ನಬಹುದಾ? "ಮತ್ತೆ ಎಫ್‌ಡಿ ಇಡುವಷ್ಟು ಕೊಟ್ಟದ್ದು ಯಾರು?" ಅಂದಳು ಹೆಂಡತಿ. ಆದರೂ ಮನಸ್ಸು ಒಪ್ಪಲಿಲ್ಲ. ಕೆಂಪು ಶಾಯಿಯಲ್ಲಿ ಬೇರೆ ಬರೆದೆ. ಇವತ್ತಿಗೂ ನನ್ನ ದುಡ್ಡು ಕೆಂಪಿನಲ್ಲೇ.

ಹಿರಿಯರು ಬಿಡಲಿಲ್ಲ. "1834ರಲ್ಲಿ ಬಂದ ಬಾಸೆಲ್ ಮಿಶನ್‌ನವರು ನಮ್ಮ ಅಜ್ಜಂದಿರಿಗೆ ಪ್ರಾರ್ಥನೆ ಮಾತ್ರ ಕಲಿಸಿದರಾ? ಮಗ್ಗ ಹಾಕಿಸಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ದೇವರು ಕೊಡುವುದು ಕೈಗೆ ಕೆಲಸ, ಪುಕ್ಕಟೆ ಅಕ್ಕಿ ಅಲ್ಲ" ಅಂದರು. ಮಾತಿನಲ್ಲಿ ಹುರುಳಿದೆ. ಆದರೆ ಕ್ರೈಸ್ತ ಸಭೆ ಸೇರಿದ್ದಕ್ಕೆ ಮನೆ, ಕಸುಬು ಎರಡೂ ಕಳಕೊಂಡವರು ದೇವರಲ್ಲಿ ಏನು ಕೇಳಿಕೊಂಡಿರಬಹುದು? ಅವರ ಬಲಪುಟದಲ್ಲಿ ಆ ಕಾರ್ಖಾನೆಯನ್ನೇ ಬರೆಯಬೇಕಾಗುತ್ತದೆ ಅಂದೆ. ಹಿರಿಯರು ಚಹಾ ಕುಡಿದು ಹೋದರು, ಒಪ್ಪಲಿಲ್ಲ.

ಕೈಹಿಡಿದದ್ದು ವಾರದ ಲೆಕ್ಕ. ಆರು ತಿಂಗಳಿಗೆ, ವರ್ಷಕ್ಕೆ ಅಂತ ಬರೆದದ್ದೆಲ್ಲ ಹಾಗೇ ಬಿತ್ತು. ಬೈಬಲಿನ ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ, ದೇವರು ದಿನದಿನಕ್ಕೆ ಕೊಟ್ಟ ಮನ್ನ ಎಂಬ ಆಹಾರವನ್ನು ನಾಳೆಗೆ ಅಂತ ಇಟ್ಟರೆ ಹುಳ ಬಿತ್ತಲ್ಲ, ಅದನ್ನು ಓದಿ ವಾರಕ್ಕಿಳಿದೆ. ಆಮೇಲೆ ಬಲಪುಟ ತುಂಬತೊಡಗಿತು. ಒಮ್ಮೆ ಗುರುವಾರ ಡಬ್ಬ ಬರಿದಾಗಿತ್ತು. ಸಕಲೇಶಪುರದ ಕಡೆಯವರೊಬ್ಬರು ಒಂದು ಮೂಟೆ ಅಕ್ಕಿ ಇಳಿಸಿ ಹೋದರು. ಹಿಂದೆ ಯಾವಾಗಲೋ ತಾಯಿಯನ್ನು ಅಡ್ಮಿಟ್ ಮಾಡಿದಾಗ ನಮ್ಮ ಗಂಜಿ ಉಂಡವರಂತೆ. ಇನ್ನೊಂದು ಸಲ 3,000 ಕೇಳಿದ್ದೆ. ಪಕ್ಕದ ಕೆಥೋಲಿಕ್ ಮನೆಯ ರೋಸ್ (ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಮುಗಿದು ಉಳಿದ ತೆಂಗಿನಕಾಯಿ ಬಂತು, 50ರ ಹತ್ತಿರ. ಆ ದಿನದ ರೇಟ್ ಹಾಕಿ ಜಮೆ ಮಾಡಿದೆ. 3,000 ಆಗಲಿಲ್ಲ, ಆದರೆ ಚಟ್ನಿಗೆ ಬರ ಬರಲಿಲ್ಲ.

"ಗಂಜಿ ಕೊಡುವುದು ಎಲ್ಲರಿಗೂ ಕಾಣುತ್ತದೆ, ಅದಕ್ಕೆ ಕೊಡುತ್ತಾರೆ" ಅನ್ನುವವರಿದ್ದಾರೆ. ಇರಬಹುದು. ಬೈಬಲಿನ ಪ್ರವಾದಿ ಎಲೀಯನಿಗೂ ರೊಟ್ಟಿ ಕಾಗೆಯ ಬಾಯಿಯಿಂದಲೇ ಬಂತು. ಆದರೆ ಡಬ್ಬ ಬರಿದಾದದ್ದು ಯಾರಿಗೂ ಕಾಣುವುದಿಲ್ಲವಲ್ಲ. ನಾನು ನೋಡುವುದು ತಾರೀಕು. ನೆನಪಿನಿಂದ ಹೇಳುವುದಾದರೆ ಹತ್ತರಲ್ಲಿ ಆರು ಹೇಳಿದ ದಿನದೊಳಗೆ ಬಂದಿವೆ, ಎರಡು ತಡವಾಗಿ. ಉಳಿದ ಜಾಗ ಖಾಲಿ. ಖಾಲಿಯನ್ನು ನಾನು ಹೊಡೆದುಹಾಕುವುದಿಲ್ಲ. ಅಪೊಸ್ತಲ ಪೌಲ ಮೂರು ಸಲ ಬೇಡಿದರೂ ಅವನ ಮೈಯೊಳಗಿನ ಮುಳ್ಳು ಹೋಗಲಿಲ್ಲ ಅಲ್ವಾ.

ನಡುವೆ ಬೇರೆ ಪ್ರಯೋಗಗಳೂ ಆದವು. ಪಕ್ಕದ ಮನೆಯ ಹೆಂಗಸು ಬಿಕರ್ನಕಟ್ಟೆ ಇಗರ್ಜಿಯ ಬಾಲಯೇಸುವಿಗೆ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ಹಿಡಿಯುತ್ತಾರೆ. ಅವರನ್ನು ನೋಡಿ ನಾನೂ ಒಂಬತ್ತು ದಿನ ಒಂದೇ ಬಿನ್ನಹ ಇಟ್ಟೆ: ಹಳೇ ಓಮ್ನಿ ಒಂದು. (ನಾವು ಪ್ರಾಟೆಸ್ಟೆಂಟರು, ಹಿರಿಯರಿಗೆ ಗೊತ್ತಿಲ್ಲ.) ಓಮ್ನಿ ಬರಲಿಲ್ಲ. ಆಟೋದವ ಮಾತ್ರ ವೇಟಿಂಗ್ ಚಾರ್ಜ್ ತಗೊಳ್ಳುವುದು ಬಿಟ್ಟ. ಅದನ್ನು ಬಲಪುಟಕ್ಕೆ ಹಾಕಲಿಲ್ಲ, ಕೇಳಿದ್ದು ಓಮ್ನಿ. ಉಪವಾಸ ಮಾಡಿದ ವಾರ, ಮಾಡದ ವಾರ ಹೋಲಿಸಿಯೂ ನೋಡಿದೆ. ಬಂದದ್ದರಲ್ಲಿ ವ್ಯತ್ಯಾಸ ಇಲ್ಲ. ಉಪವಾಸದ ವಾರ ನಾನೇ ಸಣ್ಣ ಮೊತ್ತ ಬರೆದಿದ್ದೆ.

ಮೊತ್ತ ನಿಶ್ಚಯಿಸುವುದಕ್ಕೆ ನನ್ನದೊಂದು ಉಪಾಯ ಇದೆ. ಅದು ಇಲ್ಲಿ ಬೇಡ, ಎದುರು ಕೂತು ಹೇಳಬೇಕಾದ್ದು. ಶುರು ಮಾಡುವವರು ಡೈರಿ ತರಬೇಡಿ, ಅಚ್ಚಾದ ತಾರೀಕಿನ ಪುಟದಲ್ಲಿ ಜಾಗ ಸಾಲುವುದಿಲ್ಲ. ಉದ್ದನೆಯ ಲೆಡ್ಜರ್ ತನ್ನಿ. ಪೆನ್ನಿನಲ್ಲೇ ಬರೆಯಿರಿ. ಪೆನ್ಸಿಲ್ ಆದರೆ ಶನಿವಾರ ಬಂದದ್ದಕ್ಕೆ ಶುಕ್ರವಾರವನ್ನು ತಿದ್ದುವ ಆಸೆ ಆಗುತ್ತದೆ.