ಮೈಗೆ ಬಣ್ಣ, ಮನಸ್ಸಿಗೆ ದನಿ

ಜನಾಂಗ, ಗುರುತು, ಖಿನ್ನತೆ ಎಲ್ಲವನ್ನೂ ಒಂದೇ ಕ್ಯಾನ್ವಾಸಿನಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಚಿತ್ರವನ್ನೂ ಬರೆಯುತ್ತೇನೆ, ದನಿಯನ್ನೂ ರೆಕಾರ್ಡ್ ಮಾಡುತ್ತೇನೆ. ಯಾವುದನ್ನು ಯಾವುದರಲ್ಲಿ ಹೇಳಬೇಕು ಅನ್ನೋದನ್ನು ತೀರ್ಮಾನಿಸಲೇ ಜಾಸ್ತಿ ಸಮಯ ಹಿಡಿಯುತ್ತದೆ.

ಮೈಗೆ ಎಣ್ಣೆಬಣ್ಣವೇ ಸರಿ. ನನ್ನ ಕಪ್ಪು ಮೈ ಬರೆಯುವಾಗ ಕಪ್ಪು ಬಣ್ಣದ ಟ್ಯೂಬ್ ಮುಟ್ಟುವುದಿಲ್ಲ. ಬರ್ನ್ಟ್ ಅಂಬರ್ ಅನ್ನೋ ಗಾಢ ಕಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಜೀವ ಇರುವ ಕಪ್ಪು ಬರುತ್ತದೆ. ಚೂರು ಬರ್ನ್ಟ್ ಸಿಯೆನಾ, ಅಂದರೆ ಕೆಂಪು ಮಿಶ್ರಿತ ಕಂದು, ಸೇರಿಸಿದರೆ ಬೆಚ್ಚಗಾಗುತ್ತದೆ. ಕೆನ್ನೆಯ ಮೇಲೆ ಬೆಳಕು ಬಿದ್ದ ಕಡೆ ಬರೀ ಬಿಳಿ ಹಾಕಿದರೆ ಬೂದಿ ಬಳಿದ ಹಾಗೆ ಕಾಣುತ್ತದೆ. ಅಲ್ಲಿಗೆ ನೀಲಿ ಬೆರೆತ ಬೂದುಬಣ್ಣ ಬೇಕು. ಅಂಗೈ, ಮೊಣಕೈ, ಕಣ್ಣಿನ ಕೆಳಗೆ, ಎಲ್ಲವೂ ಬೇರೆ ಬೇರೆ. 'ಕಪ್ಪು' ಅಂತ ಒಂದೇ ಮಾತಲ್ಲಿ ಕರೆಸಿಕೊಂಡವರಿಗೆ ಇದನ್ನು ಕಣ್ಣಾರೆ ನೋಡುವುದು ಸಣ್ಣ ವಿಷಯ ಅಲ್ಲ.

ಕಲರ್ ಫಿಲ್ಮಿನ ಕಾಲದಲ್ಲಿ ಲ್ಯಾಬಿನವರು ಬಣ್ಣ ಹೊಂದಿಸಲು 'ಶರ್ಲಿ ಕಾರ್ಡ್' ಅನ್ನೋ ಮಾದರಿ ಫೋಟೋ ಬಳಸುತ್ತಿದ್ದರು. ದಶಕಗಳ ಕಾಲ ಆ ಕಾರ್ಡಿನಲ್ಲಿ ಇದ್ದದ್ದು ಬಿಳಿ ಹೆಂಗಸಿನ ಮುಖ. ಗ್ರೂಪ್ ಫೋಟೋಗಳಲ್ಲಿ ಕಪ್ಪು ಮುಖಗಳು ಕತ್ತಲಲ್ಲಿ ಮುಳುಗಿಹೋಗಲು ಅದೂ ಒಂದು ಕಾರಣ. ಅಮೆರಿಕದ ಕಲಾವಿದ ಬೈರನ್ ಕಿಮ್ 1991ರಲ್ಲಿ ಶುರುಮಾಡಿದ ಫಲಕಗಳು ನನಗೆ ದಾರಿ ತೋರಿಸಿದವು. ಒಂದೊಂದೂ 10 ಇಂಚು ಎತ್ತರ, 8 ಇಂಚು ಅಗಲ. ಎದುರಿಗೆ ಕೂತವರ ಮೈಬಣ್ಣ ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ನಾನೂ ಎದುರಿಗೆ ಜನರನ್ನು ಕೂರಿಸಿಕೊಂಡೇ ಬಣ್ಣ ಬೆರೆಸುತ್ತೇನೆ.

ಖಿನ್ನತೆ ಮಾತ್ರ ಮುಖದಲ್ಲಿ ಕಾಣಲೇಬೇಕು ಅಂತಿಲ್ಲ, ಅಲ್ವಾ? ನಗುತ್ತಲೇ ಇರುತ್ತೇವೆ. ಆದರೆ ಮಾತು ನಿಧಾನವಾಗುತ್ತದೆ. ಅದಕ್ಕೇ ಒಂದೇ ಪ್ಯಾರಾವನ್ನು ಬೇರೆ ಬೇರೆ ದಿನ ಓದಿ ರೆಕಾರ್ಡ್ ಮಾಡುತ್ತೇನೆ. ಸಾಕಪ್ಪಾ ಅನಿಸಿದ ದಿನ ಪದಗಳ ನಡುವಿನ ಬಿಡುವು ಉದ್ದವಾಗುತ್ತದೆ, ವಾಕ್ಯದ ಕೊನೆ ಕೇಳಿಸುವುದೇ ಇಲ್ಲ. ಎಡಿಟಿಂಗ್‌ನಲ್ಲಿ ಆ ಬಿಡುವನ್ನು ಕತ್ತರಿಸುವುದಿಲ್ಲ. ಕೇಳುವವರು ಕಾಯಲಿ.

ಪ್ರದರ್ಶನದಲ್ಲಿ ನನ್ನ ಚಿತ್ರದ ಪಕ್ಕ, ಕಿವಿಯ ಎತ್ತರಕ್ಕೆ ಸ್ಪೀಕರ್ ಇಡುತ್ತೇನೆ. ಬಣ್ಣ ನೋಡುತ್ತಲೇ ದನಿ ಕೇಳಬೇಕು. ದಿನಾ ಅವಮಾನ ನುಂಗಿದ ಮೈ, ನಿದ್ದೆ ಕಳೆದುಕೊಂಡ ಮನಸ್ಸು ಎರಡೂ ಒಬ್ಬರದ್ದೇ. ನಿದ್ದೆ ಬಗ್ಗೆ ಕೇಳುವವರು ಅವಮಾನದ ಬಗ್ಗೆಯೂ ಕೇಳಲಿ ಅನ್ನೋದು ನನ್ನ ಆಸೆ.

ಬೇರೆಯವರ ದನಿ ಬಳಸುವಾಗ ಒಪ್ಪಿಗೆಯನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳುತ್ತೇನೆ. ಪ್ರದರ್ಶನ ಶುರುವಾದ ಮೇಲೂ ಅವರು ಬೇಡ ಅಂದರೆ ಅವತ್ತೇ ತೆಗೆಯುತ್ತೇನೆ, ಯಾಕೆ ಅಂತ ಕೇಳುವುದಿಲ್ಲ. ತೀರಾ ಕುಸಿದ ದಿನ ರೆಕಾರ್ಡರ್ ಆನ್ ಮಾಡುವುದಿಲ್ಲ. ಆ ದಿನ ಥೆರಪಿಸ್ಟ್‌ಗೆ ಫೋನ್ ಮಾಡುತ್ತೇನೆ, ಕಲೆಯ ಕೈಲಿ ಆ ಕೆಲಸ ಮಾಡಿಸುವುದಿಲ್ಲ.